ಎರೆಮೀನಿನ ಆಯಸ್ಸು

ಕೊರವ ಮೀನು ಸತ್ತದ್ದನ್ನು ಸುಲಭಕ್ಕೆ ಮುಟ್ಟಲ್ಲ. ಕಣ್ಣೆದುರು ಏನಾದ್ರೂ ಮಿಸುಕಾಡಬೇಕು, ಆಗ ಸರಕ್ಕನೆ ಬಂದು ಬಾಯಿ ಹಾಕುತ್ತೆ. ಹಾಗಾಗಿ ಗಾಳದಲ್ಲಿ ಕೊರವ ಹಿಡಿಯೋರ ಮೊದಲ ಕೆಲಸ ಕೊರವ ಹಿಡಿಯೋದಲ್ಲ, ಎರೆಗೆ ಅಂತ ತಂದ ಬೆರಳುದ್ದದ ಗೆಂಡೆಗಳನ್ನು ಸಾಯದ ಹಾಗೆ ಕಾಯೋದು. ಇದರಲ್ಲಿ ಒಂದು ತಮಾಷೆಯೂ ಇದೆ. ಕೊರವ ನೀರಿನಿಂದ ತಲೆ ಎತ್ತಿ ಗಾಳಿಯನ್ನೇ ಉಸಿರಾಡಬಲ್ಲದು, ಒದ್ದೆ ಬುಟ್ಟಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತೆ. ಅದನ್ನು ಹಿಡಿಯಲು ಬೇಕಾದ ಗೆಂಡೆಗೆ ಮಾತ್ರ ಆ ಭಾಗ್ಯ ಇಲ್ಲ.

ನಮ್ಮ ಸೋದರಮಾವ ಕನ್ನಂಬಾಡಿ ಹಿನ್ನೀರಿನ ಕೆ.ಆರ್.ಪೇಟೆ ಕಡೆ ದಡದಲ್ಲಿ ಇರೋದು. ಪರವಾನಗಿ ಇಟ್ಟುಕೊಂಡು ತೆಪ್ಪದಲ್ಲಿ ಮೀನು ಹಿಡೀತಾರೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಸಂಗಮ ಅಲ್ಲಿಗೆ ದೂರವಿಲ್ಲ. ಸಂಗಮದ ಊರಿನ ಹೆಸರೇ ಅಂಬಿಗರಹಳ್ಳಿ. ಬಲೆಗೆ ಬೀಳುವ ಕಾಟ್ಲಾ, ರೋಹು ಮನೆ ಖರ್ಚಿಗೆ ಆಗುತ್ತೆ. ಕೊರವಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಬೆಲೆ. ಕೈಯಲ್ಲಿ ನಾಲ್ಕು ಕಾಸು ನಿಲ್ಲೋದು ಕೊರವ ಸಿಕ್ಕಿದ ದಿನ ಮಾತ್ರ.

2024ರ ಬೇಸಿಗೆ ನೆನಪಿದೆಯಲ್ಲ? ಹಿಂದಿನ ವರ್ಷ ಮಳೆ ಕೈಕೊಟ್ಟು ಬರ ಘೋಷಣೆಯಾಗಿತ್ತು. 124.80 ಅಡಿಯ ಅಣೆಕಟ್ಟೆ ತುಂಬಲೇ ಇಲ್ಲ. ಬೆಂಗಳೂರಿನಲ್ಲಿ ನಾವು ಟ್ಯಾಂಕರ್‌ಗೆ ಫೋನ್ ಮಾಡುತ್ತಾ ಕೂತಿದ್ದಾಗ, ಅಲ್ಲಿ ಹಿನ್ನೀರು ಸರಿದು ದಡವೆಲ್ಲ ಬಿರುಕು ಬಿಟ್ಟ ಕೆಸರು. ಪ್ರತಿ ವರ್ಷ ಬೆಳಗಿನ ಜಾವ ದಡದಲ್ಲೇ ಸಣ್ಣ ಬಲೆ ಬೀಸಿ ಗೆಂಡೆ ಹಿಡಿಯುತ್ತಿದ್ದ ಮಾವ, ಆ ಸಲ 14 ಕಿಲೋಮೀಟರ್ ದೂರದ ಕೆರೆಯಿಂದ ಬಕೆಟ್ಟಿನಲ್ಲಿ ಟಿವಿಎಸ್ ಮೇಲೆ ತರಬೇಕಾಯ್ತು. ಮಾವನ ಮಗಳು ನರ್ಸಿಂಗ್ ಕೊನೇ ವರ್ಷ. ಫೀಸು ಕಟ್ಟಲು ಜೂನ್ ಗಡುವು. ಅಂಥ ಹೊತ್ತಲ್ಲಿ ಫೋನ್ ಬಂತು.

"ಹತ್ತು ಗಂಟೆಗೇ ಎಲ್ಲಾ ಹೊಟ್ಟೆ ಮೇಲಾಯ್ತವೆ ಅಳಿಮಯ್ಯ. ಎರೆ ಸತ್ರೆ ಆ ದಿನ ಸತ್ತಂಗೆಯ."

ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವು ಕೇಳೋದು ಎರಡೇ ಪ್ರಶ್ನೆ: ಏನು ಕಮ್ಮಿ ಆಯ್ತು, ಏನು ಜಾಸ್ತಿ ಆಯ್ತು? ಬಕೆಟ್ಟಿನ ಮೀನಿಗೂ ಇವೇ ಪ್ರಶ್ನೆ ಸಾಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತೆ. ಒಂದು ಲೀಟರ್ ನೀರಲ್ಲಿ, 20 ಡಿಗ್ರಿ ಇದ್ದಾಗ, ಹೆಚ್ಚೆಂದರೆ 9 ಮಿಲಿಗ್ರಾಂ ಕರಗಿರುತ್ತೆ. ನೀರು 30 ಡಿಗ್ರಿಗೆ ಏರಿದರೆ ಅದೂ 7.5ಕ್ಕೆ ಇಳಿಯುತ್ತೆ. ಆದರೆ ಮೀನಿನ ಮೈ ನೀರಿನಷ್ಟೇ ಬಿಸಿ. ನೀರು ಹತ್ತು ಡಿಗ್ರಿ ಕಾದರೆ ಅದರ ಉಸಿರಿನ ಖರ್ಚು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ಸಂಬಳ ಕಟ್ ಆದ ತಿಂಗಳಲ್ಲೇ ಬಾಡಿಗೆ ಡಬಲ್ ಆದ ಹಾಗೆ. ಇದರ ಮೇಲೆ ಮೀನು ಹೊರಹಾಕುವ ಅಮೋನಿಯಾ ಬೇರೆ ಅದೇ ನೀರಲ್ಲಿ ಸೇರುತ್ತಾ ಹೋಗುತ್ತೆ.

ಇಷ್ಟು ಓದಿಕೊಂಡು ಶನಿವಾರ ಊರಿಗೆ ಹೋದೆ. ಬ್ಯಾಗಿನಲ್ಲಿ ಅಕ್ವೇರಿಯಂ ಅಂಗಡಿಯ ಒಂದು ಪುಟ್ಟ ಏರ್ ಪಂಪು, ಅದಕ್ಕೊಂದು ಪವರ್ ಬ್ಯಾಂಕು.

ಮಾವ ಓದಿರೋದು ನಾಲ್ಕನೇ ಕ್ಲಾಸು. ಆದರೆ ನಾನು ಅಂಕಿಅಂಶದಲ್ಲಿ ಕಲಿತದ್ದರ ಮುಕ್ಕಾಲು ಪಾಲು ಅವರ ಕೈಯಲ್ಲಿ ರೂಢಿಯಾಗಿತ್ತು. ಗೆಂಡೆ ಮುಟ್ಟೋ ಮುಂಚೆ ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗಿದ ಕೈಗೆ ಮೈಮೇಲಿನ ಲೋಳೆ ಕಿತ್ತುಬಂದರೆ ಸಂಜೆಯೊಳಗೆ ಸಾಯುತ್ತೆ. ಪಾತ್ರೆ ದುಂಡಗಿರಬೇಕು, ಚೌಕದ್ದಾದರೆ ಮೂಲೆಯಲ್ಲಿ ಗುಂಪುಗೂಡಿ ಒಂದನ್ನೊಂದು ಉಜ್ಜಿಕೊಳ್ಳುತ್ತವೆ. ಅಜ್ಜಿ ಕಾಲದ ತಾಮ್ರದ ಹಂಡೆ ದುಂಡಗಿದ್ದರೂ ಬೇಡವೇ ಬೇಡ. ತಾಮ್ರ ಮೀನಿಗೆ ವಿಷ. ಹಿಂದಿನ ದಿನ ಮೇವು ಹಾಕಬಾರದು, ಹೊಟ್ಟೆ ಖಾಲಿ ಇದ್ದರೆ ನೀರು ಬೇಗ ಕೆಡಲ್ಲ. ಒಂದು ಸತ್ತರೆ ಆ ಕ್ಷಣ ತೆಗೆದು ಎಸೀಬೇಕು. ಬಕೆಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿದರೆ, ಗೋಣಿ ಆರುತ್ತಾ ಆರುತ್ತಾ ನೀರನ್ನು ತಂಪು ಮಾಡುತ್ತೆ.

ನಾಗಮಂಗಲದಿಂದ ಬಂದಿದ್ದ ದೊಡ್ಡಮ್ಮನ ಮಗ, "ದಾರೀಲಿ ಯಾರದಾದ್ರೂ ತ್ವಾಟದ ಬೋರ್ ನೀರು ತುಂಬ್ಕಂಡ್ರಾಯ್ತಪ್ಪ, ತಣ್ಣಗಿರ್ತದೆ" ಅಂದ.

"ಬೋರ್ ನೀರಿಗೆ ಉಸಿರಿಲ್ಲ ಕಣ್ಲಾ" ಅಂದರು ಮಾವ.

ಮಾತು ಅಕ್ಷರಶಃ ನಿಜ. ನೆಲದಾಳದಲ್ಲಿ ಗಾಳಿಯ ಸೋಂಕಿಲ್ಲದೆ ನಿಂತ ನೀರಲ್ಲಿ ಆಮ್ಲಜನಕ ತೀರಾ ಕಮ್ಮಿ. ಬೇಕೇ ಬೇಕು ಅಂದರೆ ಚೆಂಬಿನಲ್ಲಿ ಎತ್ತಿ ಎತ್ತಿ ಸುರಿದು ಗಾಳಿ ಬೆರೆಸಬೇಕು. ನಗರದ ನಲ್ಲಿ ನೀರಿನ ಕತೆ ಬೇರೆ, ಅದರಲ್ಲಿ ಕ್ಲೋರಿನ್. ಅಕ್ವೇರಿಯಂ ಇಟ್ಟವರಿಗೆ ಇದು ಗೊತ್ತಿರುತ್ತೆ.

ತೆಪ್ಪದ ಮೇಲೆ ಮಾವ ಬಕೆಟ್ಟು ಇಡೋದೇ ಇಲ್ಲ. ಎಣ್ಣೆಯ ಪ್ಲಾಸ್ಟಿಕ್ ಕ್ಯಾನ್ ತೊಳೆದು, ಕಾಯಿಸಿದ ಮೊಳೆಯಿಂದ ಮೈತುಂಬ ತೂತು ಕೊರೆದು, ಹಗ್ಗ ಕಟ್ಟಿ ನೀರಿಗೇ ಬಿಡ್ತಾರೆ. ತೂತನ್ನು ಒಳಗಿಂದ ಹೊರಕ್ಕೆ ಕೊರೆಯಬೇಕು. ಇಲ್ಲದಿದ್ದರೆ ಚೂಪು ಅಂಚು ಒಳಗೇ ಉಳಿದು ಮೀನಿನ ಮೈ ತರಚುತ್ತೆ. ಹೊಳೆ ನೀರು ತಾನೇ ಒಳಗೆ ಬಂದು ಹೊರಗೆ ಹೋಗುತ್ತೆ, ಅಮೋನಿಯಾ ನಿಲ್ಲಲ್ಲ. ಲಕ್ಷದ್ವೀಪದಲ್ಲಿ ಗಾಳದ ಕೋಲಿನಿಂದ ಟ್ಯೂನಾ ಹಿಡಿಯುವ ದೋಣಿಗಳಲ್ಲೂ ಇದೇ ತತ್ವ. ದೋಣಿಯೊಳಗಿನ ತೊಟ್ಟಿಗೆ ತೂತುಗಳಿಂದ ಸಮುದ್ರದ ನೀರು ಹರಿದಾಡುತ್ತೆ, ಅದರಲ್ಲಿ ಜೀವಂತ ಸಣ್ಣ ಮೀನು. ನಮ್ಮ ಮಾವ ಸಮುದ್ರ ನೋಡಿದ್ದು ಒಂದೇ ಸಲ, ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನಲ್ಲಿ.

ಹಾಗಾದರೆ ಆ ವರ್ಷ ಯಾಕೆ ಸಾಯುತ್ತಿದ್ದವು? ನಾವಿಬ್ಬರೂ ಲೆಕ್ಕ ಹಾಕಿದೆವು. 14 ಕಿಲೋಮೀಟರ್ ದಾರಿಯಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಉಳಿದ ಅರ್ಧ, ಮೇಲ್ನೀರು ಕಾದ ಕೂಡಲೇ ಕ್ಯಾನಿನೊಳಗೆ ಹೋಗುತ್ತಿತ್ತು. ದಾರಿಗೆ ಪಂಪು ಹಾಕಿದೆವು. ಗುಳ್ಳೆಗಳ ಮುಖ್ಯ ಕೆಲಸ ನೀರನ್ನು ಕಲಕಿ ಮೇಲ್ಮೈಯನ್ನು ಹೊಸ ಗಾಳಿಗೆ ಒಡ್ಡೋದು. ಕ್ಯಾನಿಗೆ ಮಾವ ಒಂದು ಕಲ್ಲು ಕಟ್ಟಿ, ಹಗ್ಗ ಉದ್ದ ಬಿಟ್ಟು, ಆಳ ಇರೋ ಕಡೆ ಮೂರಡಿ ಕೆಳಗೆ ಇಳಿಸಿದರು. ದಿನಕ್ಕೆ ಮೂವತ್ತು ತರುತ್ತಿದ್ದವರು ಹತ್ತಕ್ಕೆ ಇಳಿಸಿದರು. ಹತ್ತರಲ್ಲಿ ಎಂಟು ಸಂಜೆವರೆಗೂ ಈಜಾಡಿಕೊಂಡಿದ್ದವು.

ಫೀಸಿನಲ್ಲಿ ಅರ್ಧ ಕೊರವದಿಂದ ಬಂತು, ಉಳಿದರ್ಧ ಸಂಘದ ಸಾಲ. ನಾನು ಕೊಡ್ತೀನಿ ಅಂದಿದ್ದೆ. "ನಿನ್ ಪಂಪು ಸಾಕು ಬುಡು" ಅಂದರು. ಹುಡುಗಿ ಈಗ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ರಾತ್ರಿ ಪಾಳಿಯಲ್ಲಿ ರೋಗಿಗಳಿಗೆ ಆಕ್ಸಿಜನ್ ಹಾಕುವಾಗ ಅಪ್ಪನ ಬಕೆಟ್ಟು ನೆನಪಾಗುತ್ತಂತೆ.

ಸಂಜೆ ಉಳಿದ ಗೆಂಡೆಗಳನ್ನು ಮಾವ ಹಿನ್ನೀರಿಗೆ ಸುರಿಯಲ್ಲ, ಮಾರನೇ ಬೆಳಗ್ಗೆ ಹಿಡಿದ ಕೆರೆಗೇ ವಾಪಸ್ ಬಿಡ್ತಾರೆ. ಒಂದು ನೀರಿನ ಮೀನು ಇನ್ನೊಂದು ನೀರಿಗೆ ಬೇಡ ಅನ್ನೋದು ಅವರ ನೇಮ. 1952ರಲ್ಲಿ ದೇಶಕ್ಕೆ ತಂದ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇವತ್ತು ಎಷ್ಟು ಕೆರೆಗಳಲ್ಲಿ ಸೇರಿಕೊಂಡಿದೆ ಅಂತ ನೋಡಿದವರಿಗೆ ಈ ನೇಮದ ಬೆಲೆ ಗೊತ್ತಾಗುತ್ತೆ.

ಒಂದು ಪ್ರಶ್ನೆ ಮಾತ್ರ ನನ್ನೊಳಗೆ ಕೊರೀತಾ ಇತ್ತು. ಕೊನೆಗೂ ಗಾಳಕ್ಕೆ ಚುಚ್ಚೋದೇ ತಾನೆ? ಅದಕ್ಕೆ ಇಷ್ಟು ಉಪಚಾರವಾ? ಒಂದು ದಿನ ಕೇಳಿಯೇಬಿಟ್ಟೆ: "ಪಾಪ ಅನ್ಸಲ್ವಾ ಮಾವ?"

ಬೀಡಿ ಆರಿಸಿ, ಹಗ್ಗ ಎಳೆದು, ಕ್ಯಾನ್ ಒಳಗೆ ಇಣುಕಿ ನೋಡಿದರು.

"ಅನ್ಸತ್ತೆ ಕಣ್ಲಾ. ಅದ್ಕೇ ಅಲ್ವಾ ಹತ್ತೇ ತರೋದು."