ಮುದ್ರೆಯಿಲ್ಲದ ಮೆಟ್ಟು

ಸಿಪಾಯಿಯ ಬೆನ್ನಚೀಲಕ್ಕೆ ಒಂದು ಜಾತಕವುಂಟು. 1937ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ರೂಪುಗೊಂಡ ಕ್ಯಾನ್ವಾಸ್ ಸಲಕರಣೆಗಳು, ಅಂದರೆ ಚೀಲ, ಸೊಂಟಪಟ್ಟಿ, ತೋಟಾಕೋಶ ಮೊದಲಾದವು, ಇಂಗ್ಲೆಂಡಿನಂತೆ ಕೆನಡ, ಆಸ್ಟ್ರೇಲಿಯ ಮತ್ತು ಭಾರತಗಳಲ್ಲಿಯೂ ತಯಾರಾದವು. ಮಾದರಿ ಒಂದೇ, ಕೈಗಳು ಹಲವು. ಹಳೆಯ ಚೀಲಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಮುಚ್ಚಳವನ್ನೆತ್ತಿ ಮೊದಲು ಹುಡುಕುವುದು ಬಾಣದ ಗುರುತನ್ನು. ಬಾಣವು ‘ಸಿ’ ಅಕ್ಷರದೊಳಗಿದ್ದರೆ ಕೆನಡದ್ದು, ಎರಡು ‘ಡಿ’ಗಳ ನಡುವೆ ನಿಂತಿದ್ದರೆ ಆಸ್ಟ್ರೇಲಿಯದ್ದು, ‘ಐ’ ಅಕ್ಷರದೊಡನೆ ಇದ್ದರೆ ಭಾರತದ್ದು. ಮುದ್ರೆ ಅಳಿಸಿಹೋಗಿದ್ದರೆ ನೇಯ್ಗೆ, ಹೊಲಿಗೆ, ಕೊಕ್ಕೆಗಳೇ ಸಾಕ್ಷಿ ನುಡಿಯಬೇಕು.

ಇಂಥ ಚೀಲಗಳನ್ನು ಹೊತ್ತು ಹೋದವರಲ್ಲಿ, ಬೆಳಗಾವಿಯನ್ನೇ ತವರಾಗಿ ಮಾಡಿಕೊಂಡಿರುವ ಮರಾಠಾ ಪದಾತಿ ದಳದ ಯೋಧರೂ ಇದ್ದರು. ಆ ದಳದ ಯಶವಂತ ಘಾಡಗೆ 1944ರಲ್ಲಿಯೂ ನಾಮದೇವ ಜಾಧವ 1945ರಲ್ಲಿಯೂ ಇಟಲಿಯ ರಣಾಂಗಣದಲ್ಲಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಸಂದಿತು. ರಜೆಯಲ್ಲಿ ಊರಿಗೆ ಬಂದ ಸಿಪಾಯಿ ಚೀಲವನ್ನು ಗೂಟಕ್ಕೆ ತೂಗುಹಾಕಿ, ಬೂಟು ಕಳಚಿ, ತನ್ನ ಸೀಮೆಯ ಮೆಟ್ಟನ್ನು ಮೆಟ್ಟಿದನೆನ್ನಿ. ಚೀಲದ ಮೇಲೆ ಬಾಣವಿದೆ; ಮೆಟ್ಟಿನ ಮೇಲೆ ಯಾರ ಹೆಸರಿದೆ? ಈ ಪ್ರಶ್ನೆಯನ್ನು ಕಟ್ಟಿಕೊಂಡು ಬೆಳಗಾವಿ ಜಿಲ್ಲೆಯ ಉತ್ತರದ ಊರುಗಳಲ್ಲಿ ಸಂಚರಿಸುವ ಪ್ರವಾಸಿಗೆ ದಾರಿ ಬೇಸರವಾಗದು.

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ನಿಪ್ಪಾಣಿಗೆ ತಂಬಾಕಿನಿಂದ ಹೆಸರು ಬಂದಿತು. ಆದರೆ ಮೆಟ್ಟಿನ ಕಸುಬೂ ಇಲ್ಲಿ ಹಳೆಯದೇ. ಗಡಿಯಾಚೆ, ಕಾಗಲ್ ತಾಲ್ಲೂಕಿನಲ್ಲಿ, ಕಾಪಶಿ ಎಂಬ ಊರಿದೆ. ಆ ಊರಿನ ಹೆಸರನ್ನೇ ಹೊತ್ತ ಒಂದು ಮಾದರಿಯುಂಟು. ಪುಕರಿ, ಬಕ್ಕಲನಳಿ, ಕಚಕಡಿ ಮುಂತಾಗಿ ಇನ್ನೂ ಕೆಲವು ಹೆಸರುಗಳು ಬಲ್ಲವರ ಬಾಯಲ್ಲಿವೆ. ಪೇಟೆಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು: ಕೊಲ್ಹಾಪುರಿ.

ಆ ಹೆಸರು ಅನ್ಯಾಯದ್ದೆಂದು ಹೇಳಲಾಗದು. ನಿಪ್ಪಾಣಿಯಿಂದ ಚಿಕ್ಕೋಡಿಯನ್ನು ಹಾದು ರಾಯಬಾಗಕ್ಕೆ ಬಂದವರಿಗೆ ಅದರ ಕಾರಣ ತಿಳಿಯುತ್ತದೆ. ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ರಾಯಬಾಗವು ಕೊಲ್ಹಾಪುರದ ಅರಸರ ಸೀಮೆಯೇ ಆಗಿತ್ತು. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ವ್ಯಾಪಾರದ ದಾರಿ ಬದಲಾಗಲಿಲ್ಲ. ಈ ಕಡೆಯ ಸಮಗಾರರು ಹೊಲಿದದ್ದು ಕೊಲ್ಹಾಪುರದ ಅಂಗಡಿ ಸೇರಿ, ಅಲ್ಲಿಂದ ಲೋಕಕ್ಕೆ ಹೋಯಿತು. ಹೊಲಿದವನ ಊರು ಹಿಂದೆ ಉಳಿಯಿತು.

ಕೃಷ್ಣೆಯನ್ನು ದಾಟಿ ಅಥಣಿಗೆ ಬಂದರೆ ಕಸುಬಿನ ಹೃದಯವನ್ನೇ ಹೊಕ್ಕಂತೆ. ಇಲ್ಲಿಯ ಮೆಟ್ಟಿಗೆ ಸಾಂಪ್ರದಾಯಿಕವಾಗಿ ಹದಗೊಳಿಸಿದ ತೊಗಲೇ ಆಧಾರ. ಹಳೆಯ ಕ್ರಮದಲ್ಲಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ರೋಮ ತೆಗೆದು, ಚೀಲದಂತೆ ಹೊಲಿದು ತೂಗುಹಾಕಿ, ಅದರೊಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ರಸವನ್ನು ತುಂಬುವರು. ರಸವು ತೊಟ್ಟಿಕ್ಕಿದಂತೆಲ್ಲ ಮತ್ತೆ ಎರೆಯಬೇಕು. ದಿನಗಳು ಉರುಳುತ್ತವೆ, ತೊಗಲು ಹದಕ್ಕೆ ಬರುತ್ತದೆ. ಬಳಿಕ ರಂಪಿಗೆಯಿಂದ ಅಟ್ಟೆಯನ್ನು ಕೊಯ್ದು, ಪದರದ ಮೇಲೆ ಪದರವಿಟ್ಟು, ತೊಗಲಿನ ದಾರದಿಂದಲೇ ಹೊಲಿಯುವರು. ಅಪ್ಪಟ ಮೆಟ್ಟಿನಲ್ಲಿ ಮೊಳೆಗೆ ಕೆಲಸವಿಲ್ಲ. ಅಟ್ಟೆ, ಹಿಮ್ಮಡಿಗಳ ಕೆಲಸ ಸಾಮಾನ್ಯವಾಗಿ ಗಂಡಸರದು. ಜಡೆಯಂತಹ ವೇಣಿಯನ್ನು ಹೆಣೆಯುವ, ಮೇಲ್ಪಟ್ಟಿಯನ್ನು ಅಲಂಕರಿಸುವ ಸೂಕ್ಷ್ಮ ಕೆಲಸ ಹೆಂಗಸರದು.

ಮುದ್ರೆ ಇಲ್ಲದಿದ್ದರೂ ಕೈ ಗುರುತು ಸಿಗುವುದು ಇಲ್ಲಿಯೇ. ಪಕ್ಕಕ್ಕೆ ಚಾಚುವ ಕಿವಿಯು ಎಷ್ಟು ಅಗಲ, ವೇಣಿಯ ಎಳೆ ಎಷ್ಟು ನಯ, ಹೊಲಿಗೆಯ ನಡುವಿನ ಅಂತರವೆಷ್ಟು, ಅಟ್ಟೆಯ ಪದರಗಳೆಷ್ಟು ಎಂಬುದನ್ನು ನೋಡಿದರೆ ಬಲ್ಲವರಿಗೆ ಅದೇ ಸಹಿ. ಹೊಸತರಲ್ಲಿ ಈ ಮೆಟ್ಟು ಕಾಲನ್ನು ಕಚ್ಚುತ್ತದೆ. ಎಣ್ಣೆ ಕುಡಿಸಿ ಕೆಲವು ದಿನ ತಾಳಿಕೊಂಡವನ ಪಾದಕ್ಕೆ ಅಚ್ಚು ತೆಗೆದಂತೆ ಒಗ್ಗಿಕೊಳ್ಳುತ್ತದೆ. ಅಂಟು ಹಾಕಿದ ಕಾರ್ಖಾನೆಯ ನಕಲು ಮೊದಲ ದಿನವೇ ಮೆತ್ತಗಿರುತ್ತದೆ; ಮಳೆಗೆ ಸಿಕ್ಕರೆ ಬಾಯಿ ಬಿಡುತ್ತದೆ. ಬೆಲೆಯಲ್ಲಿ ಮಾತ್ರ ನಕಲಿನದೇ ಗೆಲುವು. ಇದೇ ಈ ಕಸುಬಿನ ಸಂಕಟ.

ಈ ಕಸುಬಿನವರಿಗೆ ಮರ್ಯಾದೆಯ ಒಂದು ದೊಡ್ಡ ಪರಂಪರೆಯೇ ಇದೆ. ಬಸವಣ್ಣನವರ ಕಾಲದ ಶರಣರಲ್ಲಿ ಸಮಗಾರ ಹರಳಯ್ಯನೂ ಡೋಹರ ಕಕ್ಕಯ್ಯನೂ ಪೂಜ್ಯರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಕೇಳದ ಮಗು ಈ ಸೀಮೆಯಲ್ಲಿ ವಿರಳ. ಆದರೂ ಸಮಾಜವು ಮೆಟ್ಟನ್ನು ಕೊಂಡಷ್ಟು ಸುಲಭವಾಗಿ ಮೆಟ್ಟು ಮಾಡಿದವನನ್ನು ಹತ್ತಿರಕ್ಕೆ ಕರೆಯಲಿಲ್ಲ.

1990ರ ದಶಕದ ಕೊನೆಯಲ್ಲಿ ಅಥಣಿಯ ಕುಶಲಿಗಳು ಸಂಘಟಿತರಾಗಿ ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ವಿದೇಶಕ್ಕೂ ಮಾಲು ಕಳುಹಿಸಿದರು. ಮಹಿಳೆಯರ ಸ್ವಸಹಾಯ ಸಂಘಗಳು ಅದಕ್ಕೆ ಬೆನ್ನೆಲುಬಾದವು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪ್ರಕಟವಾದಾಗ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಹೆಸರು ಕೊಲ್ಹಾಪುರದ್ದು, ಹಕ್ಕು ಎಂಟು ಜಿಲ್ಲೆಗಳದು. 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆಯ ಉಡುಪಿನ ಪ್ರದರ್ಶನದಲ್ಲಿ ಇದೇ ರೂಪದ ಮೆಟ್ಟುಗಳು ಮೂಲದ ಹೆಸರಿಲ್ಲದೆ ಕಾಣಿಸಿಕೊಂಡವು. ದೇಶದಲ್ಲಿ ಆಕ್ಷೇಪಣೆ ಎದ್ದಿತು. ಭಾರತದ ಕರಕೌಶಲವೇ ತನಗೆ ಸ್ಫೂರ್ತಿಯೆಂದು ಸಂಸ್ಥೆ ಒಪ್ಪಿಕೊಂಡಿತು. ಅದೇ ಡಿಸೆಂಬರ್ ತಿಂಗಳಿನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳೊಡನೆ ಒಪ್ಪಂದಕ್ಕೆ ಬಂದಿತು. ಬಾಣದ ಗುರುತಿನ ಚೀಲ ಹೊತ್ತು ಒಮ್ಮೆ ಸಿಪಾಯಿ ತಲಪಿದ ನಾಡಿಗೆ, ಎಂಬತ್ತು ವರ್ಷಗಳ ಮೇಲೆ, ಅವನ ಮೆಟ್ಟು ಗುರುತಿಲ್ಲದೆ ತಲಪಿತ್ತು.

ಅಥಣಿಯಿಂದ ಕಾಗವಾಡಕ್ಕೆ ಹೋದರೆ ರಾಜ್ಯದ ಗಡಿ; ಆಚೆ ಮೀರಜ. ಇಲ್ಲಿ ಅಂಗಡಿಯ ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುವುದುಂಟು. ಮೆಟ್ಟು ಎರಡೂ ಭಾಷೆಗೆ ಸಲ್ಲುತ್ತದೆ. ಗಡಿಯ ಈಚೆಯ ಯಾವುದೇ ಅಂಗಡಿಯಲ್ಲಿ ಒಂದು ಜೊತೆ ಕೊಳ್ಳುವಾಗ, ಬೆಲೆಯನ್ನು ಕೇಳುವ ಮುನ್ನ ಮೆಟ್ಟನ್ನು ಮಗುಚಿ ಹೊಲಿಗೆಯನ್ನು ನೋಡಬೇಕು. ಇದನ್ನು ಹೊಲಿದವರು ಯಾವ ಊರಿನವರೆಂದು ಕೇಳಬೇಕು. ಅಚ್ಚಾಗದ ಮುದ್ರೆ ಉಳಿಯುವುದು ಕೇಳುವವರು ಇರುವವರೆಗೆ ಮಾತ್ರ.