ತೊಟ್ಟಿಕ್ಕುವ ನಳ

ಸದ್ಭಕ್ತರಿಗೂ ಪ್ರಸಾದ ನಿಲಯದ ಹಿರಿಯ ವಿದ್ಯಾರ್ಥಿಗಳಿಗೂ ಈ ತಿಂಗಳು ಬರೆಯುತ್ತಿರುವುದು ಶಾಸ್ತ್ರವಿಚಾರವಲ್ಲ, ನಳದ ವಾಶರಿನ ವಿಚಾರ. ನಗಬೇಡಿರಿ. ಇದರಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸೇರಿದೆ.

2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುದು ತಮಗೆ ನೆನಪಿರಬಹುದು. ಮರುವರ್ಷದ ಬೇಸಿಗೆಯ ಹೊತ್ತಿಗೆ ಶ್ರೀಮಠದ ಕೊಳವೆಬಾವಿಯೂ ಸೊರಗಿತು. ಟ್ಯಾಂಕರಿನ ನೀರನ್ನು ಕೊಂಡು ತರಿಸಬೇಕಾಯಿತು. ಇಷ್ಟು ನೀರು ಎಲ್ಲಿ ಹೋಗುತ್ತದೆಂಬ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಒಂದೇ: ಹುಡುಗರು. ಸ್ನಾನಕ್ಕೆ ಒಬ್ಬನಿಗೆ ಒಂದೇ ಬಕೀಟು ಎಂದು ಅಪ್ಪಣೆ ಮಾಡಿದೆವು. ಎಂಟನೆಯ ತರಗತಿಯ ಬಾಲಕನೊಬ್ಬ ನಳವನ್ನು ಸರಿಯಾಗಿ ಮುಚ್ಚದೆ ಹೋದನೆಂದು ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೆದುರು ಗದರಿದೆವು. “ನಾ ಬಂದ್ ಮಾಡೀನ್ರೀ ಅಜ್ಜಾರ” ಎಂದು ಅವನು ಒಮ್ಮೆ ಅಂದ. ಎದುರು ಮಾತನಾಡಬೇಡವೆಂದೆವು.

ಏಪ್ರಿಲಿನಲ್ಲಿ ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋದರು. ನಿಲಯದಲ್ಲಿ ನರಪಿಳ್ಳೆಯಿಲ್ಲ, ಆದರೂ ಸಂಜೆ ತುಂಬಿಸಿದ 1,000 ಲೀಟರಿನ ತೊಟ್ಟಿ ಬೆಳಗಾಗುವಷ್ಟರಲ್ಲಿ ಮುಕ್ಕಾಲಿಗೆ ಇಳಿದಿತ್ತು. ಅಂದು ರಾತ್ರಿ ಸ್ನಾನಗೃಹದ ನಳವೊಂದರ ಕೆಳಗೆ 10 ಲೀಟರಿನ ಬಕೀಟನ್ನಿಟ್ಟು ಮಲಗಿದೆವು. ಆರು ತಾಸಿನಲ್ಲಿ ಅದು ತುಂಬಿತ್ತು; ಅಂದರೆ ದಿನಕ್ಕೆ 40 ಲೀಟರು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಮನುಷ್ಯನೊಬ್ಬನಿಗೆ ದಿನಕ್ಕೆಂದು ಗೊತ್ತುಪಡಿಸಿದುದು 55 ಲೀಟರು. ಹುಡುಗರಿಗೆ ನಾವು ನಿರಾಕರಿಸಿದ ಎರಡನೆಯ ಬಕೀಟು ಎಲ್ಲಿ ಹೋಗುತ್ತಿತ್ತೆಂಬುದು ಆಗ ತಿಳಿಯಿತು.

ಕಾಯಕದ ಮೇಲೆ ತಾಸುಗಟ್ಟಲೆ ಆಶೀರ್ವಚನ ನೀಡಿದ ನಾವು, ಸಂಸ್ಕೃತ ಪಾಠಶಾಲೆಯಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ವರ್ಷಗಟ್ಟಲೆ ಕುಳಿತೆದ್ದ ನಾವು, ಐವತ್ತು ದಾಟುವವರೆಗೆ ಒಂದು ನಳವನ್ನೂ ಬಿಚ್ಚಿ ನೋಡಿರಲಿಲ್ಲ. ಊರಿನ ಪ್ಲಂಬರನನ್ನು ಕರೆಸಿ, “ನೀನು ಮಾಡಬೇಡ, ನಮ್ಮ ಕೈಯಿಂದ ಮಾಡಿಸು” ಎಂದೆವು. ಅವನು ಮೊದಲು ಹಿಂಜರಿದ. ಆಮೇಲೆ ನಿಷ್ಠುರ ಗುರುವೇ ಆದ.

ತಿರುವಿ ಮುಚ್ಚುವ ಹಳೆಯ ಬಗೆಯ ನಳಕ್ಕೆ ಸಾಮಾನ್ಯವಾಗಿ ಬರುವ ರೋಗ ವಾಶರು ಸವೆಯುವುದು. ಮೊದಲು ಆ ಸಾಲಿನ ವಾಲ್ವನ್ನು ಮುಚ್ಚಿ, ನಳವನ್ನು ತೆರೆದು ಉಳಿದ ನೀರನ್ನು ಹರಿಯಬಿಡಬೇಕು. ಹಿಡಿಕೆಯ ಕೆಳಗಿನ ದೊಡ್ಡ ನಟ್ಟನ್ನು ಎಡಕ್ಕೆ ತಿರುವುವಾಗ ಇನ್ನೊಂದು ಸ್ಪ್ಯಾನರಿನಿಂದ ನಳದ ಒಡಲನ್ನು ಬಿಗಿಹಿಡಿಯಲೇಬೇಕು. ನಾವು ಮೊದಲ ದಿನ ಗುರುವಿನ ಮಾತನ್ನು ಕೇಳದೆ ಒಂದೇ ಸ್ಪ್ಯಾನರಿನಿಂದ ತಿರುವಿದೆವು; ಗೋಡೆಯೊಳಗಿನ ತುಕ್ಕು ಹಿಡಿದ ಕೊಳವೆ ಮುರಿದು, ಗೋಡೆಯನ್ನೇ ಒಡೆಸಬೇಕಾಯಿತು. ಒಳಗಿನ ದಂಡ ಹೊರಬಂದರೆ ಅದರ ಬುಡದಲ್ಲಿ ನಾಣ್ಯದಂತಹ ರಬ್ಬರಿನ ಬಿಲ್ಲೆಯಿರುತ್ತದೆ. ಅದರಲ್ಲಿ ಉಂಗುರದಂತೆ ಗುಣಿ ಬಿದ್ದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿ, ಬಿಚ್ಚಿದ ಕ್ರಮದಲ್ಲಿಯೇ ಹಿಂದಕ್ಕೆ ಜೋಡಿಸುವುದು. ಅದು ಕೂಡುವ ಹಿತ್ತಾಳೆಯ ಪೀಠವನ್ನೂ ಬೆರಳಿನಿಂದ ತಡವಿ ನೋಡಿರಿ. ಅಲ್ಲಿ ಕಚ್ಚು ಬಿದ್ದಿದ್ದರೆ ಹೊಸ ವಾಶರೂ ಬಹುಕಾಲ ಬಾಳದು. ಕಾಲು ಸುತ್ತಿಗೆ ಮುಚ್ಚುವ ಈಚಿನ ನಳಗಳಲ್ಲಿ ಇಂತಹ ಬಿಲ್ಲೆಯಿಲ್ಲ. ಒಳಗಿನ ಪಿಂಗಾಣಿಯ ಬಿರಡೆಯನ್ನೇ ಇಡಿಯಾಗಿ ಬದಲಿಸಬೇಕು.

ನಳವನ್ನು ಬಿಗಿದು ಮುಚ್ಚಿದಷ್ಟೂ ಸೋರಿಕೆ ನಿಲ್ಲುತ್ತದೆಂಬುದು ಭ್ರಮೆ. ಹಾಗೆ ಒತ್ತಿದಂತೆಲ್ಲ ವಾಶರು ಇನ್ನಷ್ಟು ಬೇಗ ಸವೆಯುತ್ತದೆ. ನಮ್ಮ ಬೈಗುಳಕ್ಕೆ ಹೆದರಿ ಹುಡುಗರು ಮಾಡುತ್ತಿದ್ದುದು ಅದನ್ನೇ.

ಇನ್ನು ನೀರಿನ ದೊಡ್ಡ ಕಳ್ಳನೆಂದರೆ ಶೌಚಗೃಹದ ಫ್ಲಶ್ ತೊಟ್ಟಿ. ಅದು ಸದ್ದಿಲ್ಲದೆ ಸೋರುತ್ತದೆ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಅದರಲ್ಲಿ ಬೆರೆಸಿ, ಅರ್ಧ ತಾಸು ಯಾರೂ ಮುಟ್ಟದಂತೆ ನೋಡಿಕೊಳ್ಳಿರಿ. ಕೆಳಗಿನ ಬಟ್ಟಲಿನಲ್ಲಿ ನೀಲಿ ಕಂಡರೆ ತಳದ ರಬ್ಬರು ಸರಿಯಾಗಿ ಕೂಡುತ್ತಿಲ್ಲವೆಂದರ್ಥ. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಅಲ್ಲಿ ಕಟ್ಟಿರುತ್ತದೆ; ಅದನ್ನು ತಿಕ್ಕಿ ತೆಗೆದರೆ ಕೆಲವೊಮ್ಮೆ ಅಷ್ಟೇ ಸಾಕು, ಇಲ್ಲವಾದರೆ ರಬ್ಬರನ್ನು ಬದಲಿಸಬೇಕು. ನಮ್ಮ ನಿಲಯದಲ್ಲಿ ಎರಡು ತೊಟ್ಟಿಗಳು ನೀಲಿ ತೋರಿಸಿದವು.

ಕೈತೊಳೆಯುವ ಬೋಗುಣಿ ಕಟ್ಟಿಕೊಂಡರೆ ಆಸಿಡ್ಡು ಸುರಿಯಬೇಡಿರಿ. ಕೆಳಗೆ ಬಕೀಟನ್ನಿಟ್ಟು, ಲೋಟದಂತಹ ಬಿರಡೆಯನ್ನು ಕೈಯಿಂದಲೇ ಬಿಚ್ಚಿ ತೊಳೆಯಬಹುದು. ಗೀಸರು, ಗೋಡೆಯೊಳಗಿನ ಕೊಳವೆ ಇವುಗಳಿಗೆ ಕೈಹಾಕದೆ ಕುಶಲಿಗಳನ್ನು ಕರೆಸುವುದೇ ಲೇಸು. ಗೋಡೆ ಒಡೆಸಿದ ಮೇಲೆ ಬಂದ ಬುದ್ಧಿ ಇದು.

ಜೂನಿನಲ್ಲಿ ಹುಡುಗರು ಮರಳಿದರು. ಮೊದಲ ದಿನದ ಪ್ರಾರ್ಥನೆಯಲ್ಲಿ ಆ ಬಾಲಕನನ್ನು ಕರೆದು, ತಪ್ಪು ನಿನ್ನದಲ್ಲ, ನಮ್ಮದು ಎಂದು ಎಲ್ಲರೆದುರಿಗೇ ಹೇಳಿದೆವು. ಆ ನಳದ ಹಳೆಯ ವಾಶರನ್ನು ಅವನ ಅಂಗೈಯಲ್ಲಿಟ್ಟೆವು. ಅವನು ಅದರ ಗುಣಿಯನ್ನು ಉಗುರಿನಿಂದ ಸವರಿ ನೋಡಿದ. ಕ್ಷಮೆಯ ಮಾತೇನೂ ಅವನ ಬಾಯಿಂದ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಡಗಿಮನಿ ನಳಾನೂ ಸೋರತೈತ್ರೀ ಅಜ್ಜಾರ” ಎಂದ. ಒಂದು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ನಾವು ಹಿಡಿದು, ಇಬ್ಬರೂ ಅಡಿಗೆಮನೆಯತ್ತ ನಡೆದೆವು.