ಮೂರನೆಯ ತಂತಿ

ನಮ್ಮೂರು ದೇವನೂರು. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರೆಂದರೆ ಅಧ್ಯಾಪಕರಿಗೆ ಸಂತೋಷ. ಆದರೆ ನಾನು ಹೇಳಹೊರಟಿರುವುದು ಕವಿಯ ಮಾತಲ್ಲ, ನಮ್ಮ ಕಣದ ದೀಪದ ಮಾತು.

ಕಳೆದ ವರ್ಷ ರಾಗಿ ಕಾಯುವುದಕ್ಕೆಂದು ತಂದೆಯವರು 50 ವಾಟಿನ ಫ್ಲಡ್ ಲೈಟೊಂದನ್ನು ತಂದರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು, ಬಿ.ಎ. ಓದುವವನಿಗೆ ಇದು ಬಾರದೆ ಎಂದು ನನ್ನ ಕೈಗೇ ಕೊಟ್ಟರು. ದೀಪದ ಬಾಲದಲ್ಲಿ ಮೂರು ತಂತಿ: ಕಂದು, ನೀಲಿ, ಹಸಿರು-ಹಳದಿ. ಎರಡನ್ನು ಜೋಡಿಸಿದೆ, ದೀಪ ಝಗ್ಗನೆ ಹತ್ತಿತು. ಮೂರನೆಯದು ವ್ಯರ್ಥವೆಂದು ಕತ್ತರಿಸಿ ಎಸೆದೆ. ಆ ರಾತ್ರಿ ನಾನು ಬೀಗಿದ್ದನ್ನು ಏನೆಂದು ಹೇಳಲಿ!

ಅಕಾಲದ ಮಳೆ ಬಂದ ಮರುದಿನ ತಂದೆಯವರು ಸ್ವಿಚ್ಚು ಆರಿಸಿಯೇ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ದೀಪ ಒರೆಸಹೋದರು. ಹೊಡೆತಕ್ಕೆ ಹಿಂದಕ್ಕೆ ಬಿದ್ದರು. ಹಿಂದೆ ಹುಲ್ಲಿತ್ತು, ಉಳಿದರು.

ನೋಡಲು ಬಂದ ವೈರಿಂಗಿನವರು, “ಏನಪ್ಪಾ, ಸ್ವಿಚ್ಚು ಯಾವ ತಂತೀಲಿಟ್ಟಿದ್ದೀಯ?” ಎಂದರು. ನ್ಯೂಟ್ರಲ್ಲಿನಲ್ಲಿಟ್ಟಿದ್ದೆ. ಹಾಗಿಟ್ಟರೆ ಬೆಳಕು ಆರುತ್ತದೆ. ಫೇಸಿನ 230 ವೋಲ್ಟು ಮಾತ್ರ ದೀಪದೊಳಗೇ ಕಾದು ಕುಳಿತಿರುತ್ತದೆ. ನೀರಿಳಿದರೆ ಲೋಹದ ಮೈಗೂ ಬರುತ್ತದೆ. ಹಸಿರು ತಂತಿಯಿದ್ದಿದ್ದರೆ ಅದರ ಮೂಲಕ ನೆಲಕ್ಕಿಳಿಯುತ್ತಿತ್ತು, ಹೆಚ್ಚಾದರೆ ಫ್ಯೂಸು ಹಾರುತ್ತಿತ್ತು. ಅದಿಲ್ಲದೆ ತಂದೆಯವರ ಮೈಯನ್ನೇ ದಾರಿ ಮಾಡಿಕೊಂಡಿತು.

ಅವರು ಸ್ವಿಚ್ಚನ್ನು ಫೇಸಿಗೆ ಬದಲಿಸಿ, ಗುಂಡಿ ತೋಡಿ ಪೈಪು ನೆಟ್ಟು, ಸುತ್ತ ಇದ್ದಿಲು ಉಪ್ಪು ತುಂಬಿ, ಹೊಸ ಹಸಿರು ತಂತಿ ಎಳೆದರು. ಗುಂಡಿ ಒಣಗಬಾರದೆಂದರು.

ತಂದೆಯವರು ಬೈಯಲಿಲ್ಲ. ಮೊದಲು ಜೋಡಿಸಿದವರು ಯಾರೆಂದು ಊರಿನಲ್ಲಿ ಇಂದಿಗೂ ಹೇಳಿಲ್ಲ. ಬೇಸಿಗೆಯಲ್ಲಿ ತೆಂಗಿನ ಸಸಿಗಳಿಗೆ ನೀರು ಹೊರುವಾಗ ಆ ಗುಂಡಿಗೂ ಒಂದು ಕೊಡ ಸುರಿಯುತ್ತಾರೆ.